ಮಖಮಲ್ಲಿನ ಮೇಲೆ ವಿಭೂತಿ

ಶಕುಂತಲಮ್ಮ ಮುಡಿಯಿಂದ ಹೇರ್‌ಪಿನ್ ತೆಗೆದು, ಕರಿಯ ಉರುಳೆಯ ತಳಕ್ಕೆ ಒತ್ತಿ ಗೀರಿದರು.

ಬಣ್ಣ ಸಿಪ್ಪೆಯ ಹಾಗೆ ಎದ್ದಿತು. ಅದರಡಿ ಹಳದಿ ಲೋಹ ಮಿನುಗಿತು.

“ಹಿತ್ತಾಳೆ,” ಎಂದರು ಅವರು. “ಹಯಾತ್ ಸಾಬ್, ನೀವು ಮಾಡಿಸಿದ್ದ ಅಚ್ಚು ಎಲ್ಲೈತೆ?”

ಹಯಾತ್ ಸಾಬ್ ಗೂಡಿನೊಳಗೆ ಕೈಹಾಕಿ, ಚರ್ಮದ ತುಣುಕುಗಳ ನಡುವಿನಿಂದ ಒಂದು ಮರದ ತುಂಡು ತೆಗೆದು ಮುಂದಿಟ್ಟರು. ಅದಕ್ಕೆ ಬಣ್ಣವಿರಲಿಲ್ಲ, ಹಿಡಿಕೆಯಿರಲಿಲ್ಲ. ಪೆಟ್ಟಿಗೆ ಹೊಲಿಯುವಾಗ ಅಳತೆಗೆಂದು ಬಡಗಿಯಿಂದ ಕೆತ್ತಿಸಿಕೊಂಡ ಬರೀ ತೇಗದ ತುಂಡು.

“ಇದೊಂದೇ ರೀ ಅಮ್ಮಾರೆ. ಭಾನುವಾರನೂ ಇದನ್ನೇ ಹೇಳ್ದೆ. ಯಾರು ಕೇಳ್ತಾರೆ? ಒಂದು ಮಾಡಿಸಿದೋನಿಗೆ ಇನ್ನೊಂದು ಮಾಡಿಸೋದೇನು ಕಷ್ಟ ಅಂದ್ರು.”

ಭಾನುವಾರ ದಾವಣಗೆರೆಯ ಸರಸ್ವತಿ ನಗರದಲ್ಲಿ, ಹತ್ತಿ ವ್ಯಾಪಾರಿ ಕೊಟ್ಟೂರಪ್ಪನವರ ಮನೆಯ ಹಜಾರದಲ್ಲಿ, ಹುಬ್ಬಳ್ಳಿಯಿಂದ ಬಂದ ಅತಿಥಿಗಳೆದುರು ಹಯಾತ್ ಸಾಬ್ ಹೊಲಿದ ಪೆಟ್ಟಿಗೆಯನ್ನು ತೆರೆದಾಗ, ಅಪರೂಪದ ಕೈ ಲೆಕ್ಕಯಂತ್ರದ ಜಾಗದಲ್ಲಿ ಈ ನಕಲಿ ಕೂತಿತ್ತು.

ಅಸಲಿ ಯಂತ್ರ ಯುರೋಪಿನದು. ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟದು, ಕರಿಯ ಬಣ್ಣದ್ದು. ಮೈಮೇಲಿನ ಗುಂಡಿಗಳನ್ನು ಸರಿಸಿ ಅಂಕಿ ಹೊಂದಿಸಿ, ತಲೆಯ ಮೇಲಿನ ಹಿಡಿಕೆ ತಿರುಗಿಸಿದರೆ ಸುತ್ತಲಿನ ಕಿಂಡಿಗಳಲ್ಲಿ ಉತ್ತರ ಮೂಡುತ್ತಿತ್ತು. ಬ್ಯಾಟರಿ ಹಾಕುವ ಜಪಾನಿನ ಕ್ಯಾಲ್ಕುಲೇಟರುಗಳು ಊರಿನ ಅಂಗಡಿಗಳಿಗೆಲ್ಲ ಬಂದ ಮೇಲೆ ಅಂಥ ಯಂತ್ರ ಬಳಸುವವರು ಉಳಿದಿರಲಿಲ್ಲ. ಹುಡುಕಿ ಹುಡುಕಿ ಕೂಡಿಡುವವರು ಮಾತ್ರ ಹುಟ್ಟಿಕೊಂಡಿದ್ದರು. ಕೊಟ್ಟೂರಪ್ಪ ಅಂಥವರಲ್ಲೊಬ್ಬರು.

ಶಕುಂತಲಮ್ಮ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದು, ಕೆಲಸ ಬಿಟ್ಟ ಮೇಲೆ ಖಾಸಗಿಯಾಗಿ ಪತ್ತೇದಾರಿಕೆ ಮಾಡುತ್ತಿದ್ದರು. ಅವರನ್ನು ಈ ಕೆಲಸಕ್ಕೆ ಕರೆದದ್ದು ಕೊಟ್ಟೂರಪ್ಪನೇ. ಬೆಳಿಗ್ಗೆ ಒಂದೇ ಮಾತು ಹೇಳಿದ್ದರು: “ಇವತ್ತು ಸಂಜೆವರೆಗೆ ನೋಡ್ತೀನಿ. ಆಮೇಲೆ ಹಯಾತ್ ಸಾಬ್ ಹೆಸರು ಬರೆದು ಕಂಪ್ಲೇಂಟ್ ಕೊಡ್ತೀನಿ.”

ಅದಕ್ಕೇ ಶಕುಂತಲಮ್ಮ ಪೆಟ್ಟಿಗೆಯನ್ನೂ ನಕಲಿಯನ್ನೂ ಇಸಿದುಕೊಂಡು, ಮುಂದಿನ ಬಸ್ಸಿಗೇ ಹರಿಹರಕ್ಕೆ ಬಂದು, ಸ್ಟೇಷನ್ ರಸ್ತೆಯ ಈ ಸಣ್ಣ ಅಂಗಡಿಯಲ್ಲಿ ಕೂತಿದ್ದರು. ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ದಾರಿಯಲ್ಲಿ ಹೋಗುವವರು ಒಳಗೆ ಇಣುಕಿ, ಏನೂ ಕೇಳದೆ ಮುಂದೆ ಹೋಗುತ್ತಿದ್ದರು.

“ಪೆಟ್ಟಿಗೆ ಹೆಂಗೆ ನಿಮ್ಮ ಕೈಗೆ ಬಂತು? ಇನ್ನೊಂದು ಸಲ ಹೇಳ್ರಿ.”

“ನಾ ಮೊದ್ಲೇ ಹೊಲಿದು ಕೊಟ್ಟಿದ್ದೆ. ಸಾಹುಕಾರ್ರು ಯಂತ್ರ ಅದರಾಗೆ ಇಟ್ಕೊಂಡಿದ್ರು. ಶುಕ್ರವಾರ ಕರೆಸಿ, ಪಟ್ಟಿ ಕುಣಿಕೆ ಸಡಿಲ ಐತಿ, ಮುಂಬೈಗೆ ಕಳಿಸೋದ್ರೊಳಗೆ ಬಿಗಿ ಮಾಡು ಅಂದ್ರು. ಮುಚ್ಚಿದ ಪೆಟ್ಟಿಗೆನೇ ತಂದೆ, ಮುಚ್ಚಿದ ಪೆಟ್ಟಿಗೆನೇ ಒಯ್ದೆ.”

“ತೆಗೆದು ನೋಡ್ಲೇ ಇಲ್ಲ?”

“ಕುಣಿಕೆ ಇರೋದು ಹೊರಗೆ. ಒಳಗೆ ಯಾಕ ತೆಗೀಲಿ ಅಮ್ಮಾರೆ? ಅವರ ಸಾಮಾನು.”

ಶಕುಂತಲಮ್ಮ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದರು. ಅಂಥ ಕೆಲಸವನ್ನು ಅವರು ಎಲ್ಲೂ ನೋಡಿರಲಿಲ್ಲ. ಹೊರಗೆ ಜೇನಿನ ಬಣ್ಣದ ಚರ್ಮ, ಒಳಗೆ ಹಸಿರು ಮಖಮಲ್. ಯಂತ್ರ ಕೂರಲು ದುಂಡನೆಯ ಗುಳಿ. ಪಕ್ಕದಲ್ಲಿ ಅಳಿಲುಕೂದಲಿನ ಸಣ್ಣ ಬ್ರಷ್ಷಿಗೆ ಒಂದು ಕಿಸೆ, ಸೂಜಿಮೂತಿಯ ಎಣ್ಣೆ ಶೀಶೆಗೆ ಇನ್ನೊಂದು.

“ಈ ಕಿಸೆಗಳ ಯೋಚನೆ ಯಾರ್ದು?”

“ನಂದೇ ರೀ.” ಬಹಳ ಹೊತ್ತಿನ ಮೇಲೆ ಹಯಾತ್ ಸಾಬರ ಮುಖದಲ್ಲಿ ಸ್ವಲ್ಪ ಬೆಳಕು ಕಂಡಿತು. “ಮೊದ್ಲು ನಾ ಟ್ರಾನ್ಸಿಸ್ಟರ್ ರೇಡಿಯೋಕ್ಕೆ ಚರ್ಮದ ಕವರ್ ಹೊಲೀತಿದ್ದೆ. ಈಗ ಯಾರು ಹೊಲಿಸ್ತಾರೆ? ಅಂಗಡಿ ಮುಚ್ಚೋ ಹಂಗೆ ಆಗಿತ್ತು. ಒಂದಿನ ಸಾಹುಕಾರ್ರು ಆ ಯಂತ್ರ ಹಿಡ್ಕೊಂಡು ಬಂದು, ಇದಕ್ಕೊಂದು ಮನೆ ಕಟ್ಟಿಕೊಡು ಹಯಾತ್ ಅಂದ್ರು. ಮನೆ ಅಂದ್ರು ನೋಡ್ರಿ, ಆ ಮಾತಿಗೆ ನಂಗೆ ಹುಚ್ಚು ಹಿಡೀತು. ಇಂಥವನ್ನ ಕೂಡಿಡೋರಿಗೆ ಏನೇನು ಬೇಕಾದೀತು ಅಂತ ಅದೇ ಯೋಚನೆ. ಧೂಳು ಕೂರದಂಗೆ ಗಾಜಿನ ಮುಚ್ಚಳ, ಬೀಟೆ ಮರದ ಪೀಠ, ಬೆವರು ತಾಗದಂಗೆ ತೆಳು ಕೈಗವಸು. ಸಾಹುಕಾರ್ರು ಒಂದನ್ನೂ ಬ್ಯಾಡ ಅನ್ನಲಿಲ್ಲ. ಮುಂಬೈನಾಗೆ ಪ್ರದರ್ಶನ ಐತಿ, ಅಲ್ಲಿಗೆ ನನ್ನ ಯಂತ್ರದ ಜೊತೆ ನಿನ್ನ ಕೈಕೆಲಸನೂ ಹೋಗ್ಲಿ ಅಂದ್ರು.”

ಅವರು ತಲೆ ತಗ್ಗಿಸಿದರು. “ಅವರು ಬೈದದ್ದಕ್ಕೆ ನಂಗೆ ಬೇಜಾರಿಲ್ಲ ಅಮ್ಮಾರೆ. ಅನ್ನ ಕೊಟ್ಟೋರು. ಅವರ ಮನಸ್ಸಿನಾಗೆ ನಾನು ಕಳ್ಳ ಅಂತ ಕುಂತುಬಿಡ್ತಲ್ಲ, ಅದು ತಡಿಯಾಕಾಗ್ತಿಲ್ಲ.”

ಶಕುಂತಲಮ್ಮ ಪೆಟ್ಟಿಗೆಯನ್ನು ಇನ್ನಷ್ಟು ಹತ್ತಿರ ತಂದರು. ಅವರ ಕಣ್ಣು ಮಖಮಲ್ಲಿನ ಗುಳಿಯ ಅಂಚಿನಲ್ಲಿ ನಿಂತಿತ್ತು. ಅಲ್ಲಿ ಬಟ್ಟೆಯ ನಾರಿನೊಳಗೆ ಏನೋ ಬೆಳ್ಳಗೆ ಸಿಕ್ಕಿಕೊಂಡಿತ್ತು. ಬೆರಳ ತುದಿಗೆ ಒತ್ತಿಕೊಂಡು ಮೂಗಿನ ಹತ್ತಿರ ತಂದರು.

ವಿಭೂತಿ.

*

ಹಯಾತ್ ಸಾಬರ ಹೆಂಡತಿ ಮಾಬೂಬೀ ಅಂಗಡಿಯ ಹಿಂದಿನ ಮನೆಯಿಂದ ಚಹಾ ತಂದರು. ಶಕುಂತಲಮ್ಮ ಎದ್ದು ನಿಂತು ಬಟ್ಟಲನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಬೇರೆ ಯಾರ ಮನೆಯಲ್ಲೂ ಅವರು ಹಾಗೆ ಎದ್ದು ನಿಲ್ಲುತ್ತಿರಲಿಲ್ಲ.

ಬಹಳ ಹಿಂದೆ, ತುಂಬು ಬಸುರಿಯಾಗಿದ್ದ ಶಕುಂತಲಮ್ಮ ತವರಿಗೆ ಹೊರಟು ಹರಿಹರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ನೋವು ಕಾಣಿಸಿಕೊಂಡಿತ್ತು. ಜೊತೆಗಿದ್ದ ಗಂಡ ಡಾಕ್ಟರನ್ನು ಹುಡುಕಿಕೊಂಡು ಓಡಿದ್ದರು. ವೇಟಿಂಗ್ ರೂಮಿನ ಬಾಗಿಲಿಗೆ ತನ್ನ ಬುರ್ಖಾವನ್ನೇ ಪರದೆ ಕಟ್ಟಿ, ಗುರುತು ಪರಿಚಯವಿಲ್ಲದ ಹೆಂಗಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ನೀಲಿಗಟ್ಟಿದ್ದ ಕೂಸನ್ನು ಬದುಕಿಸಿಕೊಟ್ಟವರು ಈ ಮಾಬೂಬೀ. ಆ ಕೂಸು ಈಗ ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು.

“ಮಾಬೂಬಕ್ಕ,” ಎಂದರು ಶಕುಂತಲಮ್ಮ, “ನಿಮ್ಮ ಮನೆಗೆ ಇಂಥ ಕೆಲಸಕ್ಕೆ ಬರ್ತೀನಿ ಅಂತ ನಾನು ಕನಸಿನಾಗೂ ಅಂದ್ಕೊಂಡಿರಲಿಲ್ಲ. ಆವತ್ತಿನ ಉಪಕಾರ...”

“ಆ ಮಾತು ಇವತ್ತು ಎತ್ತಬ್ಯಾಡ್ರಿ.” ಮಾಬೂಬೀಯ ದನಿ ಮೆತ್ತಗಿತ್ತು, ಆದರೆ ಅಲುಗಲಿಲ್ಲ. “ಕೂಸಿಗೆ ಉಸಿರು ಕೊಟ್ಟೋನು ಅಲ್ಲಾಹ್. ನಾನು ಕೈ ಹಚ್ಚಿದೆ ಅಷ್ಟೇ. ಅದನ್ನ ನೆನೆಸಿಕೊಂಡು ನೀವು ನಮ್ಮವರನ್ನ ಉಳಿಸಿದ್ರೆ, ಹರಿಹರದಾಗೆ ಎಲ್ಲರೂ ಹಂಗೇ ಅಂತಾರೆ. ಪರಿಚಯಕ್ಕೆ ಬಿಟ್ರು ಅಂತಾರೆ. ಕದ್ದಿದ್ರೆ ಕದ್ದಾನೆ ಅನ್ರಿ. ಕದ್ದಿಲ್ಲ ಅಂದ್ರೆ ಯಾರು ಕದ್ದಾರೆ ಅಂತ ತೋರಿಸ್ರಿ. ಅಷ್ಟು ಮಾಡ್ರಿ ಸಾಕು.”

ಶಕುಂತಲಮ್ಮ ತಲೆಯಾಡಿಸಿದರು. ಚಹಾ ಮುಗಿಸಿ, ನಕಲಿಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಎದ್ದರು.

“ಹಯಾತ್ ಸಾಬ್, ನನ್ನ ಜೊತೆ ದಾವಣಗೆರೆಗೆ ಬರ್ರಿ. ಅದಕ್ಕೂ ಮುಂಚೆ ಒಂದು ಕಡೆ ಹೋಗೋದೈತೆ. ಹಿತ್ತಾಳೆ ಕಡೆಯೋ ಲೇತ್ ಇರೋರು, ಆ ಯಂತ್ರಾನೂ ಕಣ್ಣಿಂದ ನೋಡಿದೋರು. ಅಂಥವರು ಯಾರು?”

ಹಯಾತ್ ಸಾಬ್ ತಡವರಿಸಿದರು. “ರೇವಣ್ಣ ಒಬ್ರೇ. ಆದ್ರೆ ಅವರು ಸಾಹುಕಾರ್ರ ಜೀವದ ಗೆಳೆಯರು, ಅಮ್ಮಾರೆ.”

*

ರೇವಣ್ಣನ ವರ್ಕ್‌ಶಾಪು ಊರ ಹೊರಗಿತ್ತು. ಗಿರಣಿಗಳಿಗೆ ಬೇಕಾದ ಬಿಡಿಭಾಗ ಕಡೆದು ಕೊಡುವುದು ಅವರ ಕಸುಬು, ಹಳೆಯ ಲೆಕ್ಕಯಂತ್ರಗಳನ್ನು ಕೂಡಿಡುವುದು ಹವ್ಯಾಸ. ಆಫೀಸು ಕೋಣೆಯ ಗಾಜಿನ ಬೀರುವಿನಲ್ಲಿ ಹಿಡಿಕೆ ತಿರುಗಿಸುವ ಟೇಬಲ್ ಯಂತ್ರಗಳು ಸಾಲಾಗಿ ಕೂತಿದ್ದವು. ರೇವಣ್ಣನ ಹಣೆಯ ಮೇಲೆ ಮೂರೆಳೆ ವಿಭೂತಿ ಎದ್ದು ಕಾಣುತ್ತಿತ್ತು.

ಹಯಾತ್ ಸಾಬರನ್ನು ಹೊರಗೆ ಕೂರಿಸಿ, ಶಕುಂತಲಮ್ಮ ಒಬ್ಬರೇ ಒಳಹೋಗಿ ನಕಲಿಯನ್ನು ಮೇಜಿನ ಮೇಲಿಟ್ಟರು.

“ಒಳ್ಳೆ ಕೆಲಸ ರೇವಣ್ಣಾರೆ. ಒಳಗೆ ಟೊಳ್ಳು ಕೊರೆದು ತೂಕನೂ ಸರಿಮಾಡೀರಿ.”

ರೇವಣ್ಣ ಅದನ್ನು ನೋಡಿದ್ದೇ ತಡ, ಮುಖ ಬಿಳಿಚಿಕೊಂಡಿತು. ಸುಳ್ಳು ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು.

“ನಾನೇ ಮಾಡಿದ್ದು,” ಎಂದರು ಕೊನೆಗೆ. “ಕೆಟ್ಟ ಕೆಲಸಕ್ಕಲ್ಲ.”

“ನೀವು ಮಾಡಿದ್ದಕ್ಕೆ ಇನ್ನೊಬ್ಬರು ಕಳ್ಳ ಅನ್ನಿಸ್ಕೊಂಡಾರೆ.”

“ನಾನು ಊರಾಗಿರಲಿಲ್ಲ ಮೇಡಂ. ಕೊಲ್ಲಾಪುರಕ್ಕೆ ಮಾಲು ಕೊಡಾಕೆ ಹೋಗಿದ್ದೆ. ಈಗ ಬೆಳಿಗ್ಗೆ ಕೇಳಿ ಎದಿ ಒಡದಂಗಾತು.” ಅವರು ಎಣ್ಣೆಕೈಯನ್ನು ಹರಕು ಬಟ್ಟೆಗೆ ಒರೆಸಿಕೊಂಡರು. ಬೆರಳ ಸಂದಿಯ ಕಪ್ಪು ಮಾತ್ರ ಹೋಗಲಿಲ್ಲ. “ಇಂಥದ್ದೊಂದು ಮಾಡಿಕೊಡಬೇಕು ಅಂತ ಕೇಳಿದ್ರು. ಅಸಲಿ ಕಪಾಟಿನಾಗೆ ಭದ್ರ ಇರ್ಲಿ, ನಕಲಿ ನೋಡೋರಿಗೆ ಇರ್ಲಿ ಅಂದ್ರು. ನನಗೂ ಖುಷಿ ಆತು. ಹಿಂಗೊಂದು ಜೋಡಿ ಮಾಡಿ ಮಾರಿದ್ರೆ ಎಲ್ಲ ಸಂಗ್ರಹಕಾರರೂ ತಗೊಂತಾರೆ ಅಂತ ಲೆಕ್ಕ ಹಾಕ್ದೆ.”

“ಕೇಳಿದೋರು ಯಾರು?”

“ಮಾತು ಕೊಟ್ಟೀನಿ.”

“ಅಸಲಿ ಯಂತ್ರ ನಿಮ್ಮ ಹತ್ರ ಇತ್ತಾ?”

“ಅಳತಿಗೆ ಅಂತ ಒಂದು ದಿನ. ಆಮೇಲೆ ಎರಡೂ ಕೊಟ್ಟು ಕಳಿಸಿದೆ.” ರೇವಣ್ಣ ಕೈಮುಗಿದರು. “ಸಂಜೆತನಕ ಬಿಡ್ರಿ ಮೇಡಂ. ಅವರ ಬಾಯಿಂದ್ಲೇ ಹೇಳಸ್ತೀನಿ. ಅವರ ಮಾನ ನನ್ನ ಬಾಯಿಂದ ಹೋಗೋದು ಬ್ಯಾಡ.”

ಶಕುಂತಲಮ್ಮ ಆ ಕೈಗಳನ್ನೇ ನೋಡಿದರು. ಈ ಬೆರಳು ಮಖಮಲ್ಲನ್ನು ಮುಟ್ಟಿದ್ದರೆ ವಿಭೂತಿಗಿಂತ ಮೊದಲು ಎಣ್ಣೆಯ ಕಲೆ ಉಳಿಯುತ್ತಿತ್ತು. ಅದೂ ಅಲ್ಲದೆ, ಜೀವದ ಗೆಳೆಯ ಇಷ್ಟು ಮರ್ಯಾದೆಯಿಂದ ಯಾರ ಮಾನ ಕಾಯುತ್ತಾನೆ?

“ಸಂಜೆ ಅಂದ್ರೆ ತಡ ಆಗ್ತದೆ,” ಎಂದು ಅವರು ಎದ್ದರು.

*

ಸರಸ್ವತಿ ನಗರದ ಮನೆಯಲ್ಲಿ ಕೊಟ್ಟೂರಪ್ಪ ಇರಲಿಲ್ಲ. ಮಂಡಿಪೇಟೆಗೆ ಹೋದವರು ಊಟದ ಹೊತ್ತಿಗೆ ಬರುವವರಿದ್ದರು. ಬಾಗಿಲು ತೆರೆದ ಹೆಂಡತಿ ಗುರುಶಾಂತಮ್ಮ, ಶಕುಂತಲಮ್ಮನ ಹಿಂದೆ ನಿಂತಿದ್ದ ಹಯಾತ್ ಸಾಬರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

ಹಯಾತ್ ಸಾಬ್ ಒಳಗೆ ಬರಲಿಲ್ಲ. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗಿನ ಕಟ್ಟೆಯ ತುದಿಯಲ್ಲಿ ಕೂತರು.

ಗುರುಶಾಂತಮ್ಮ ಆಳಿನ ಕೈಯಲ್ಲಿ ಕೊಡಿಸದೆ ತಾವೇ ಹೋಗಿ ಅವರ ಮುಂದೆ ಅವಲಕ್ಕಿ, ಬಾಳೆಹಣ್ಣು, ಕಾಫಿ ಇಟ್ಟರು. “ತಗೋರಿ, ಬಿಸಿಲಾಗೆ ಬಂದೀರಿ” ಎಂದದ್ದು ಕೇಳಿಸಿತು. ಲೋಟ ಇಡುವಾಗ ಕಾಫಿ ತುಳುಕಿ ಕಟ್ಟೆಯ ಮೇಲೆ ಚೆಲ್ಲಿತು.

ಒಳಗೆ ಬಂದ ಮೇಲೆ ಶಕುಂತಲಮ್ಮ ನಕಲಿಯನ್ನು ಚಾಪೆಯ ಮೇಲೆ, ತಮ್ಮಿಬ್ಬರ ನಡುವೆ ಇಟ್ಟರು.

“ಅಮ್ಮಾರೆ, ಲೆಕ್ಕಯಂತ್ರದ ಕಪಾಟಿನ ಕೀಲಿ ಯಾರ ಹತ್ರ ಇರ್ತೈತೆ?”

“ಅವರ ಹತ್ರ.” ಸ್ವಲ್ಪ ತಡೆದು, “ಇನ್ನೊಂದು ನನ್ನ ಸೊಂಟದಾಗೆ.”

“ಯಜಮಾನ್ರು ಯಂತ್ರ ಮುಟ್ಟುವಾಗ?”

“ಕೈಗವಸು ಹಾಕ್ಕೊಂತಾರೆ. ಹಯಾತ್ ಸಾಬ್ ಹೊಲಿದು ಕೊಟ್ಟದ್ದು.”

“ಹಂಗಾದ್ರೆ ಪೆಟ್ಟಿಗೆ ಮಖಮಲ್ಲಿನ ಮೇಲೆ ವಿಭೂತಿ ಹೆಂಗೆ ಬಂತು?”

ಗುರುಶಾಂತಮ್ಮ ಸೆರಗು ಸರಿಪಡಿಸಿಕೊಂಡರು. “ವಿಭೂತಿ ಊರಿಗೆಲ್ಲ ಐತೆ.”

“ಹೌದು. ರೇವಣ್ಣನ ಹಣೆ ಮೇಲೂ ಐತೆ. ಆದ್ರೆ ಅವರ ಕೈಯಾಗೆ ಎಣ್ಣಿ ಐತೆ. ಪೆಟ್ಟಿಗ್ಯಾಗೆ ಒಂದು ಹನಿ ಎಣ್ಣಿ ಕಲೆ ಇಲ್ಲ.”

“ಅದಕ್ಕೆ ನಾನೇನು ಹೇಳ್ಲಿ?”

“ಒಂದೇ ಮಾತು ಹೇಳ್ರಿ. ಕದ್ದು ಒಯ್ಯೋ ಸಾಮಾನಿಗೆ ಯಾವ ಕಳ್ಳ ವಿಭೂತಿ ಹಚ್ಚಿ ಕೈ ಮುಗೀತಾನೆ?”

ಕಟ್ಟೆಯ ಮೇಲೆ ಹಯಾತ್ ಸಾಬ್ ಕೆಮ್ಮಿದ ಸದ್ದು ಕೇಳಿತು.

“ಆ ಮನುಷ್ಯ ಭಾನುವಾರದಿಂದ ಅಂಗಡಿ ಬಾಗಿಲು ಪೂರ್ತಿ ತೆಗೆದಿಲ್ಲ,” ಎಂದರು ಶಕುಂತಲಮ್ಮ ಮೆಲ್ಲಗೆ. “ಆತನ ಹೆಂಡತಿ ನನ್ನ ಮಗಳ ಜೀವ ಉಳಿಸಿದಾಕಿ. ಆದ್ರೂ ಗಂಡನ್ನ ಉಳಿಸ್ರಿ ಅಂತ ಒಂದು ಮಾತು ನನ್ನ ಕೇಳಲಿಲ್ಲ, ಖರೇ ಹುಡುಕ್ರಿ ಅಂದ್ಲು. ನಾನು ನಿಮ್ಮನ್ನೂ ಅದನ್ನೇ ಕೇಳ್ತೀನಿ.”

ಗುರುಶಾಂತಮ್ಮನ ಕಣ್ಣು ತುಂಬಿ ಹರಿಯಿತು.

“ನಾನು ಕದೀಲಿಲ್ಲ, ಶಕುಂತಲಮ್ಮಾರೆ. ಬಚ್ಚಿಟ್ಟೆ.” ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮತ್ತೆ ತೆಗೆದರು. “ಇವರಿಗೆ ಲಕ್ವ ಹೊಡೆದಿತ್ತು, ನಿಮಗೆ ಗೊತ್ತಿಲ್ಲ. ಬಲಗೈ ಸತ್ತು ಬಿದ್ದಿತ್ತು. ಡಾಕ್ಟರ್ ರಬ್ಬರ್ ಚೆಂಡು ಕೊಟ್ರು, ಹಿಸುಕ್ರಿ ಅಂತ. ಇವರು ಅದನ್ನ ಗ್ವಾಡಿಗೆ ಒಗೆದ್ರು. ಯಾರ ಜೊತೆಗೂ ಮಾತಿಲ್ಲ. ನಾನು ತುತ್ತು ಕಲಸಿ ಬಾಯಿಗಿಟ್ರೆ ಗಂಡಸು ಕಣ್ಣೀರು ಹಾಕೋರು. ಒಂದಿನ ಆ ಯಂತ್ರ ತಂದು ಅವರ ತೊಡಿ ಮೇಲಿಟ್ಟೆ. ನೋಡಿ ಆದ್ರೂ ಸಮಾಧಾನ ಆಗ್ಲಿ ಅಂತ. ಎಡಗೈಯಾಗೆ ಹಿಡ್ಕೊಂಡು, ಬಲಗೈ ಬೆರಳನ್ನ ಆ ಹಿಡಿಕಿ ಮೇಲೆ ಇಟ್ರು. ತಿರುಗಲಿಲ್ಲ. ಮರುದಿನ ಮತ್ತೆ ಇಟ್ರು.”

ಅವರ ಮುಖ ಅಳುವಿನ ನಡುವೆಯೇ ಅರಳಿತು.

“ಅದೊಂದನ್ನ ಮಾತ್ರ ಬಿಡಲಿಲ್ಲ ಅವರು. ಮೊದಲು ಕಾಲು ಸುತ್ತು, ಆಮೇಲೆ ಅರ್ಧ. ದೀಪಾವಳಿ ಹೊತ್ತಿಗೆ ಒಂದು ಪೂರ್ತಿ ಸುತ್ತು ತಿರುಗಿಸಿದ್ರು. ಆವತ್ತು ಊಟಕ್ಕೆ ಕುಂತಾಗ ತಾವೇ ಅನ್ನ ಕಲಸಿಕೊಂಡ್ರು. ನಾನು ಒಳಗೆ ಹೋಗಿ ಒಲಿ ಮುಂದೆ ಕುಂತು ಅತ್ತುಬಿಟ್ಟೆ. ನನ್ನ ಪಾಲಿಗೆ ಅದು ಯಂತ್ರ ಅಲ್ಲ. ದೇವರ ಜಗಲಿ ಮೇಲೆ ಇಡಬೇಕಾದ್ದು. ಅವರು ಹೊರಗೆ ಹೋದ ಮೇಲೆ ದಿನಾ ಒಂದು ಬೊಟ್ಟು ವಿಭೂತಿ ಹಚ್ಚಿ, ಅವರು ಬರೋದ್ರೊಳಗೆ ಒರೆಸಿ ಇಡ್ತಿದ್ದೆ. ಅಂಥದ್ದನ್ನ ರೈಲಿನಾಗೆ ಮುಂಬೈಗೆ ಕಳಿಸ್ತೀನಿ ಅಂದ್ರು. ಬ್ಯಾಡ ಅಂದೆ. ನಕ್ಕುಬಿಟ್ರು.”

“ಅದಕ್ಕೆ ರೇವಣ್ಣನ್ನ ಕೇಳಿದ್ರಿ.”

“ಪ್ರದರ್ಶನದಾಗೆ ಗಾಜಿನೊಳಗೆ ಇಡ್ತಾರೆ, ಯಾರೂ ಮುಟ್ಟಲ್ಲ ಅಂತ ಇವರೇ ಹೇಳಿದ್ರು. ನಕಲಿ ಹೋಗಿ ನಕಲಿ ಬರ್ಲಿ, ಯಾರಿಗೆ ತಿಳೀತೈತೆ ಅಂದ್ಕೊಂಡೆ. ಶುಕ್ರವಾರ ಹಯಾತ್ ಸಾಬ್ ಬರೋಕೂ ಮುಂಚೆ ಬದಲಿಸಿಟ್ಟೆ. ಭಾನುವಾರ ಹುಬ್ಬಳ್ಳಿಯವರು ಬಂದು ತೆಗೀರಿ ನೋಡೋಣ ಅಂತಾರೆ ಅಂತ ನನಗೇನು ಗೊತ್ತು? ಎಲ್ಲರೂ ಆತನ ಮೇಲೆ ಬಿದ್ರು. ನನ್ನ ನಾಲಿಗೆ ಏಳಲಿಲ್ಲ. ಈ ಮೂರು ದಿನ ಅನ್ನ ಗಂಟಲಾಗೆ ಇಳಿದಿಲ್ಲ.”

“ಗುರುಶಾಂತಾ.”

ಇಬ್ಬರೂ ಬೆಚ್ಚಿ ತಿರುಗಿದರು. ಬಾಗಿಲಲ್ಲಿ ಕೊಟ್ಟೂರಪ್ಪ ನಿಂತಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ. ಎತ್ತರದ ಮೈಕಟ್ಟಿನ ಅವರು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು, ಬಲಗೈಯಲ್ಲಿ.

ಗುರುಶಾಂತಮ್ಮ ಎದ್ದರು. ಬೈಗುಳ ಕೇಳಲು ಸಿದ್ಧರಾದವರ ಹಾಗೆ ತಲೆ ತಗ್ಗಿಸಿ ನಿಂತರು.

ಕೊಟ್ಟೂರಪ್ಪ ಬೈಯಲಿಲ್ಲ. ಬಹಳ ಹೊತ್ತು ತಮ್ಮ ಬೆರಳುಗಳನ್ನೇ ಮಡಿಸಿ ಬಿಡಿಸಿ ನೋಡಿದರು.

“ಯಂತ್ರ ನನ್ನ ಕೈ ಎಬ್ಬಿಸ್ತು ಅಂತ ನೀನು ಅದಕ್ಕೆ ವಿಭೂತಿ ಹಚ್ಚಿದೆ,” ಎಂದರು. “ಅದನ್ನ ನನ್ನ ತೊಡಿ ಮೇಲೆ ತಂದಿಟ್ಟೋರು ಯಾರು ಅಂತ ನಾನು ಒಂದಿನಾನೂ ನೆನೆಸಲಿಲ್ಲ ನೋಡು.”

ಅವರು ತಟ್ಟನೆ ತಿರುಗಿ ಹೊರಗೆ ನಡೆದರು. ಕಟ್ಟೆಯ ಮೇಲೆ ಹಯಾತ್ ಸಾಬ್ ಗಾಬರಿಯಿಂದ ಎದ್ದು ನಿಂತರು.

“ಹಯಾತ್, ಹುಬ್ಬಳ್ಳಿಯವರ ಮುಂದೆ ನಿನ್ನ ಕಳ್ಳ ಅಂದೆ. ಅವರ ಮುಂದೇನೇ, ಅವರ ಊರಿಗೇ ಹೋಗಿ, ತಪ್ಪು ನಂದು ಅಂತ ಹೇಳಿ ಬರ್ತೀನಿ. ನೀನೂ ಬರಬೇಕು. ಈಗ ಒಳಗೆ ಬಾ. ಕಟ್ಟೆ ಮೇಲಲ್ಲ, ಒಳಗೆ.”

ಹಯಾತ್ ಸಾಬ್ ಕೈಚೀಲವನ್ನು ಎದೆಗೊತ್ತಿಕೊಂಡರು. “ಸಾಹುಕಾರ್ರೆ, ಸಾಮಾನು ಸಿಕ್ತಾ?” ಎಂದಷ್ಟೇ ಕೇಳಿದರು.

“ಮನ್ಯಾಗೇ ಐತೆ.”

“ಅಲ್ಲಾಹ್,” ಎಂದು ಅವರು ಕಣ್ಣು ಮುಚ್ಚಿದರು. “ಶುಕ್ರಿಯಾ. ಅಷ್ಟು ಸಾಕು ನಂಗೆ.”

*

ಗುರುಶಾಂತಮ್ಮ ದೇವರ ಜಗಲಿಯ ಕೆಳಗಿನ ಗೂಡಿನಿಂದ ರೇಷ್ಮೆ ವಸ್ತ್ರದ ಗಂಟು ತಂದು ಬಿಚ್ಚಿದರು. ಕರಿಯ ಉರುಳೆ ಮಂದವಾಗಿ ಹೊಳೆಯಿತು. ಈ ಸಲ ನಕಲಿಯಲ್ಲ. ಹಿಡಿಕೆ ಅಲುಗಿತು, ಕಿಂಡಿಗಳೊಳಗೆ ಅಂಕಿಗಳು ಕಂಡವು.

ಹಯಾತ್ ಸಾಬ್ ನಾಚುತ್ತ ಕೈಚೀಲ ತೆರೆದರು. “ಕೊಟ್ಟು ಹೋಗೋಣ ಅಂತ ತಂದಿದ್ದೆ. ಹೊಸದೊಂದು ಮಾಡೀನಿ.” ಅದು ಬೀಟೆಯ ಪುಟ್ಟ ಪೀಠ. ನಡುವೆ ಇಳಿಜಾರಾಗಿ ಕನ್ನಡಿಯ ತುಂಡು ಕೂರಿಸಿದ್ದರು. “ಯಂತ್ರ ಎತ್ತದೇನೇ ತಳ ಕಾಣ್ಲಿ ಅಂತ. ತಳದಾಗೆ ಕಂಪನಿ ನಂಬರ್ ಕೊರೆದಿರ್ತಾರಲ್ರಿ, ನೋಡೋರು ಅದನ್ನೇ ಮೊದ್ಲು ಕೇಳ್ತಾರೆ.”

“ಇದನ್ನ ಮುಂಬೈಗೆ ಕಳಿಸೋಣ. ಯಂತ್ರ ಬ್ಯಾಡ, ನಿನ್ನ ಸಾಮಾನು ಹೋಗ್ಲಿ, ರೇವಣ್ಣನ ನಕಲಿನೂ ಹೋಗ್ಲಿ. ನಕಲಿ ಅಂತ ಚೀಟಿ ಹಚ್ಚಿ!” ಕೊಟ್ಟೂರಪ್ಪ ನಕ್ಕರು. ಗುರುಶಾಂತಮ್ಮನೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಶಕುಂತಲಮ್ಮನಿಗೆ ಈಗಲೇ ಎದ್ದು ಹರಿಹರದ ಬಸ್ಸು ಹಿಡಿದು, ಮಾಬೂಬೀಯ ಕೈ ಹಿಡಿದುಕೊಂಡು ಈ ಸುದ್ದಿ ಹೇಳಬೇಕೆನಿಸಿತು.

ಕೊಟ್ಟೂರಪ್ಪ ಯಂತ್ರವನ್ನು ಪೀಠದ ಮೇಲಿಟ್ಟು ಒಮ್ಮೆ ಕೈಮುಗಿದರು. ಆಮೇಲೆ ಗುಂಡಿ ಸರಿಸಿ ಒಂಬತ್ತುಗಳನ್ನೇ ಸಾಲಾಗಿ ಹೊಂದಿಸಿ, ಹಿಡಿಕೆ ತಿರುಗಿಸಿದರು. ಮತ್ತೊಂದು ಸುತ್ತು. ಕಿಂಡಿಗಳಲ್ಲಿ ಅಂಕಿಗಳು ಒಂದರ ಹಿಂದೊಂದು ಹೊರಳಿ, ಕೊನೆಯ ಕಿಂಡಿಯಲ್ಲೂ ಒಂದು ಅಂಕಿ ಮೂಡಿ ನಿಂತಿತು.

“ಎಷ್ಟು ಚೆಂದ ತಿರುಗ್ತೈತೆ ನೋಡ್ರಿ,” ಎಂದರು ಗುರುಶಾಂತಮ್ಮ.

ಕೊಟ್ಟೂರಪ್ಪನ ನಗು ಮುಖದ ಮೇಲೆ ಹಾಗೇ ಉಳಿದಿತ್ತು. ಕಣ್ಣಿನಿಂದ ಮಾತ್ರ ಹೊರಟುಹೋಗಿತ್ತು. ಅವರು ಕನ್ನಡಿಗೆ ಬಗ್ಗಿದರು. ಯಂತ್ರವನ್ನು ಎತ್ತಿ ಬೋರಲು ಹಾಕಿ, ತಳದ ನಂಬರನ್ನು ಬೆರಳಿಂದ ಸವರಿ ಓದಿದರು.

“ಗುರುಶಾಂತಾ, ಹಯಾತ್‌ಗೆ ಊಟಕ್ಕೆ ಹಾಕು. ನಾವು ಈಗ ಬಂದ್ವಿ.”

ಅವರಿಬ್ಬರೂ ಒಳಗೆ ಹೋಗುವವರೆಗೆ ಕಾದು, ದನಿ ತಗ್ಗಿಸಿದರು.

“ಮೇಡಂ, ಇದು ಅಸಲಿ. ಆದ್ರೆ ನಂದಲ್ಲ.”

“ಏನಂದ್ರಿ?”

“ನಂಬರ್ ಬೇರೆ. ನನ್ನ ಯಂತ್ರದಾಗೆ ಕೊನೇ ಕಿಂಡಿ ಕೆಟ್ಟಿತ್ತು, ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬರ್ತಾನೇ ಇರಲಿಲ್ಲ. ಇದು ಪೂರ್ತಿ ಸರಿ ಐತೆ.”

ಶಕುಂತಲಮ್ಮ ಯಂತ್ರವನ್ನೂ ಅವರ ಮುಖವನ್ನೂ ನೋಡಿದರು. “ಕೆಟ್ಟದ್ದನ್ನ ಒಯ್ದು, ಅದರ ಜಾಗದಾಗೆ ಇಷ್ಟು ಒಳ್ಳೇದನ್ನ ಇಟ್ಟು ಹೋಗೋ ಕಳ್ಳ ಯಾರು? ಯಾಕ?”

ಕೊಟ್ಟೂರಪ್ಪ ಯಂತ್ರವನ್ನು ಮತ್ತೆ ಪೀಠದ ಮೇಲಿಟ್ಟರು. ಕೊನೆಯ ಕಿಂಡಿಯ ಮೇಲೆ ಬೆರಳಿಟ್ಟರು.

“ಕಿಂಡಿ ತಾನಾಗಿ ಕೆಟ್ಟಿದ್ದಲ್ಲ. ಅದರ ಅಂಕಿ ಚಕ್ರದ ಹಿಂದೆ ನಾನೇ ಒಂದು ವಸ್ತು ಅಡಗಿಸಿಟ್ಟಿದ್ದೆ. ಮುಂಬೈನಾಗೆ ಬಿಚ್ಚಿಸಿ ತೆಗೆಸಬೇಕು ಅಂತಾನೇ ಕಳಿಸ್ತಿದ್ದೆ.”

“ಅದು ಅಲ್ಲೈತೆ ಅಂತ ಇನ್ಯಾರಿಗೆ ಗೊತ್ತಿತ್ತು?”

“ಯಂತ್ರ ನನಗೆ ಕೊಟ್ಟ ಮನುಷ್ಯ ಒಬ್ಬನಿಗೇ,” ಎಂದರು ಕೊಟ್ಟೂರಪ್ಪ. “ಆತನ ಮಣ್ಣಿಗೆ ನಾನೇ ಹೋಗಿ ಬಂದೀನಿ, ಮೇಡಂ.”